ಆ ಐದು ಗಜ ಲೇಸ್ ತಗೋ, ತಂಗಿ

ತಂಗಿ, ನಿನ್ನ ಪತ್ರ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ನೈಜೀರಿಯಾದ ಓಟಾ ಊರಿಗೆ ಬಂದು ಎರಡೇ ತಿಂಗಳು. ಗಂಡ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ನೀನೊಬ್ಬಳೇ. ಅಂಥದ್ದರಲ್ಲಿ ಪಕ್ಕದ ಮನೆಯಾಕೆ ಒಂದು ಲೇಸ್ ಬಟ್ಟೆ ಹಿಡಿದುಕೊಂಡು ಬಂದು, ನಮ್ಮ ಅಜ್ಜಿ ತೀರಿಕೊಂಡರು, ಮಣ್ಣಿನ ದಿನ ಪಾರ್ಟಿ ಇದೆ, ಇದನ್ನು ಹೊಲಿಸಿಕೊಂಡು ಬಾ, ಬಟ್ಟೆಯ ದುಡ್ಡು ಇಷ್ಟು ಅಂದರು. ಸಾವಿನ ಮನೆಯಲ್ಲಿ ಪಾರ್ಟಿ ಏನು, ಕರೆದವರೇ ದುಡ್ಡು ಕೇಳೋದೇನು, ಕುಣಿಯೋರ ಮೇಲೆ ನೋಟು ಎಸೀತಾರಂತೆ ನಿಜವಾ, ಹೋಗಲಾ ಬೇಡವಾ ಅಂತ ಕೇಳಿದ್ದೀಯ.

ಹೋಗು. ಬಟ್ಟೆ ತಗೊಂಡೇ ಹೋಗು.

ಅವರು ನಿನಗೆ ಮೋಸ ಮಾಡುತ್ತಿಲ್ಲ. ಅದಕ್ಕೆ ಇಲ್ಲಿಯವರ ಯೊರುಬಾ ಮಾತಿನಲ್ಲಿ ಅಶೊ ಎಬಿ ಅಂತಾರೆ. ಅಶೊ ಅಂದರೆ ಬಟ್ಟೆ, ಎಬಿ ಅಂದರೆ ಮನೆಮಂದಿ. ಮದುವೆ, ನಾಮಕರಣ, ಐವತ್ತು ತುಂಬಿದ್ದು, ಅಜ್ಜಿಯ ಮಣ್ಣು, ಯಾವುದಕ್ಕಾದರೂ ಮನೆಯವರು ಒಂದು ಬಟ್ಟೆ ಆರಿಸುತ್ತಾರೆ. ಬಳಗದವರು, ಗೆಳತಿಯರು ಅದನ್ನೇ ಕೊಂಡು ಹೊಲಿಸಿಕೊಳ್ಳುತ್ತಾರೆ. ಎಲ್ಲರಿಗೂ ಅದನ್ನು ತೋರಿಸೋದಿಲ್ಲ. ನಿನಗೆ ತೋರಿಸಿದ್ದಾರೆ ಅಂದರೆ ನಿನ್ನನ್ನು ತಮ್ಮ ಕಡೆಯವಳು ಅಂತ ಲೆಕ್ಕಕ್ಕೆ ತಗೊಂಡಿದ್ದಾರೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಬಂದ ಹೊಸದರಲ್ಲಿ ಗೆಳತಿಯೊಬ್ಬಳು ತಂಗಿಯ ಮದುವೆಗೆ ಹೀಗೇ ಬಟ್ಟೆ ತಂದಳು. ನಮ್ಮ ಹತ್ತಿರ ರೇಷ್ಮೆ ಸೀರೆ ಇದೆಯಲ್ಲ, ಇದ್ಯಾಕೆ ಖರ್ಚು ಅಂದುಕೊಂಡು ಬೇಡ ಅಂದೆ. ಮದುವೆ ದಿನ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಅವಳ ಗೆಳತಿಯರೆಲ್ಲ ನೇರಳೆ ಬಣ್ಣದಲ್ಲಿ ಒಂದೇ ಸಾಲಾಗಿ ಕುಣಿಯುತ್ತಾ ಒಳಗೆ ಬಂದಾಗ ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಆ ಸಾಲಿನಲ್ಲಿ ನನಗೂ ಒಂದು ಜಾಗ ಇತ್ತು. ಇವತ್ತಿಗೂ ಆ ಫೋಟೊ ನೋಡಿದರೆ ಹೊಟ್ಟೆಯಲ್ಲಿ ಚುರ್ ಅನ್ನುತ್ತೆ.

ಮುಂದಿನ ಸಲ ತಗೊಂಡೆ. ಅವಳ ಚಿಕ್ಕಮ್ಮ ನನ್ನನ್ನು ಸ್ಟೂಲ್ ಮೇಲೆ ಕೂರಿಸಿ ಗೆಲೆ ಕಟ್ಟಿದರು. ಗೆಲೆ ಅಂದರೆ ತಲೆಗೆ ಕಟ್ಟುವ ಬಟ್ಟೆ. ಗಂಜಿ ಹಾಕಿದ ಹಾಗೆ ಬಿರುಸು, ಮುಟ್ಟಿದರೆ ಪರಪರ ಸದ್ದು. ನಾವು ಸೀರೆಗೆ ನೆರಿಗೆ ಹಿಡಿಯೋ ಹಾಗೇ ಹಣೆಯ ಮೇಲೆ ಒಂದೊಂದೇ ನೆರಿಗೆ ಹಿಡಿದು, ಬೆರಳಿಂದ ಒತ್ತಿ, ಹಿಂದೆ ಬಿಗಿಯಾಗಿ ಗಂಟು ಹಾಕಿದರು. ಕಿವಿಯ ಮೇಲೆ ಸ್ವಲ್ಪ ನೋಯುತ್ತೆ. ಕನ್ನಡಿ ನೋಡಿಕೊಂಡಾಗ ನನ್ನಮ್ಮ ನನಗೆ ಮೊದಲ ಸಲ ಸೀರೆ ಉಡಿಸಿದ್ದು ನೆನಪಾಗಿ ಕಣ್ಣು ತುಂಬಿತು.

ಸಾವಿನ ಮನೆಯ ಪಾರ್ಟಿ ಬಗ್ಗೆ ಹೇಳ್ತೀನಿ. ಚಿಕ್ಕ ವಯಸ್ಸಿನವರು ಹೋದರೆ ಇಲ್ಲೂ ಪಾರ್ಟಿ ಇರೋದಿಲ್ಲ, ಅಳುತ್ತಾರೆ. ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬು ವಯಸ್ಸಿನಲ್ಲಿ ಹೋದವರನ್ನು ಮಾತ್ರ ಹೀಗೆ ಕಳಿಸಿಕೊಡುತ್ತಾರೆ. ಕ್ರೈಸ್ತ ಮನೆಯಾದರೆ ಎಲ್ಲರೂ ಬಂದು ಸೇರಲಿ ಅಂತ ವಾರಗಟ್ಟಲೆ ಕಾದು ಮಣ್ಣು ಮಾಡುವುದುಂಟು. ಮುಸ್ಲಿಂ ಮನೆಯಲ್ಲಿ ಬೇಗನೆ ಮಣ್ಣು ಮಾಡಿ, ಎಂಟನೇ ದಿನ ತೀರಿಕೊಂಡವರಿಗಾಗಿ ಫಿದಾವು ಅನ್ನೋ ಪ್ರಾರ್ಥನೆ, ಊಟ. ವಯಸ್ಸಾದವರು ತೀರಿಕೊಂಡಾಗ ಅಕಾರಾ ಕರಿದು ಅಕ್ಕಪಕ್ಕದ ಮನೆಗಳಿಗೆ ಹಂಚೋದು ಹಳೇ ಪದ್ಧತಿ. ಅಕಾರಾ ಅಂದರೆ ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ ಕರಿದದ್ದು. ನಮ್ಮ ವಡೆಯೇ! ತಿಥಿ ಊಟದ ಎಲೆಗೆ ವಡೆ ಬೀಳಲೇಬೇಕು ಅನ್ನುವ ಮನೆಯಿಂದ ಬಂದವಳು ನಾನು. ಇದನ್ನು ಕೇಳಿದ ದಿನ ನನಗೆ ಈ ಊರು ಅಷ್ಟು ದೂರ ಅನಿಸಲಿಲ್ಲ.

ಇನ್ನು ನೋಟು ಎಸೆಯೋದು. ನಿಜವಾಗಿ ಎಸೆಯೋದಲ್ಲ, ಕುಣಿಯೋರ ಹಣೆಗೆ, ಭುಜಕ್ಕೆ ಒಂದೊಂದೇ ನೋಟು ಅಂಟಿಸಿದ ಹಾಗೆ ಇಡೋದು. ಕೆಳಗೆ ಬಿದ್ದದ್ದನ್ನು ಮನೆಯವರೇ ಒಬ್ಬರು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಮೊದಲು ಇದನ್ನು ನೋಡಿ ನಾನೂ ದುಡ್ಡಿನ ಮೆರವಣಿಗೆ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮುಯ್ಯಿ ಲೆಕ್ಕ ನೆನಪಾಯಿತು. ನಮ್ಮಜ್ಜ ಮದುವೆ ಮನೆಯ ಮುಯ್ಯಿಯನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಅವರ ಮನೆ ಮದುವೆಗೆ ಅಷ್ಟೋ ಇನ್ನೊಂದಿಷ್ಟೋ ಸೇರಿಸಿ ಕೊಡುತ್ತಿದ್ದರು. ಇಲ್ಲಿ ಪುಸ್ತಕ ಇಲ್ಲ, ಆದರೆ ಯಾರು ಬಂದರು, ಯಾರು ಕುಣಿದರು ಅನ್ನೋದನ್ನು ಯಾರೂ ಮರೆಯೋದಿಲ್ಲ.

ಆದರೆ ನೀನು ನೋಟು ಇಡಬೇಡ. ಇದು ಖಂಡಿತ. ಇಲ್ಲಿಯ 2007ರ ಸೆಂಟ್ರಲ್ ಬ್ಯಾಂಕ್ ಕಾಯ್ದೆ ಪ್ರಕಾರ ನೈರಾ, ಅಂದರೆ ಇಲ್ಲಿಯ ದುಡ್ಡಿನ ನೋಟು ಹೀಗೆ ಎರಚೋದು, ತುಳಿಯೋದು ಅಪರಾಧ. ಕನಿಷ್ಠ ಆರು ತಿಂಗಳು ಜೈಲು, ಇಲ್ಲ ಕನಿಷ್ಠ 50,000 ನೈರಾ ದಂಡ, ಇಲ್ಲ ಎರಡೂ. ಬಹಳ ವರ್ಷ ಯಾರೂ ಕೇಳುತ್ತಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಲಾಗೋಸ್‌ನಲ್ಲಿ ಹೆಸರುವಾಸಿಯಾದ ಒಬ್ಬರಿಗೇ ಆರು ತಿಂಗಳು ಶಿಕ್ಷೆ ಆಯಿತು. ಪರದೇಶದವರಾದ ನಮಗೆ ಆ ತಾಪತ್ರಯ ಬೇಡ. ಕವರಿನಲ್ಲಿ ಹಾಕಿ, ಬಲಗೈಯಲ್ಲಿ ಕೊಡು. ಎಡಗೈಯಲ್ಲಿ ಕೊಟ್ಟರೆ ಇಲ್ಲೂ ಬೇಜಾರು ಮಾಡಿಕೊಳ್ಳುತ್ತಾರೆ.

ತಮಟೆ ಥರ ಅಲ್ಲ, ಡಮರುವಿನ ಆಕಾರದ ಒಂದು ವಾದ್ಯ ನೋಡ್ತೀಯ, ಗಂಗನ್ ಅಂತ. ಕಂಕುಳಲ್ಲಿ ಇಟ್ಟುಕೊಂಡು ಅದರ ದಾರಗಳನ್ನು ಅಮುಕಿದರೆ ದನಿ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. ಯೊರುಬಾ ಮಾತಿನಲ್ಲೇ ಮೂರು ಸ್ವರ ಇದೆ, ಹಾಗಾಗಿ ಬಡಿಯೋನು ಹೆಸರು ಹೇಳಿ ಹೊಗಳಿದ್ದು ಅವರಿಗೆ ಮಾತಿನ ಹಾಗೇ ಕೇಳಿಸುತ್ತೆ. ನಿನ್ನ ಮುಂದೆಯೂ ಬಂದು ನಿಲ್ಲುತ್ತಾನೆ. ಹೆದರಬೇಡ, ಎದ್ದು ಎರಡು ಹೆಜ್ಜೆ ಹಾಕು. ಮಕ್ಕಳು ಓಯಿಂಬೊ ಅಂತ ಕೂಗುತ್ತಾರೆ, ಬಿಳಿಯರು ಅಂತ. ನಮ್ಮನ್ನೂ ಹಾಗೇ ಕರೆಯೋದು. ಅದರಲ್ಲಿ ಕೆಟ್ಟ ಮಾತಿಲ್ಲ.

ಮುಂದಿನ ಬಕ್ರೀದ್‌ಗೆ, ಇಲ್ಲಿಯವರ ಇಲೆಯಾಗೆ, ಇಜೆಬು ಓಡೆ ಅನ್ನೋ ಊರಿಗೆ ಹೋಗೋಣ ಬಾ. ಹಬ್ಬದ ಮೂರನೇ ದಿನ ಅಲ್ಲಿ ಓಜುಡೆ ಓಬಾ ನಡೆಯುತ್ತೆ, ಅಂದರೆ ರಾಜನ ಅಂಗಳ. ತಮ್ಮ ಧರ್ಮ ಆಚರಿಸೋಕೆ ಬಿಟ್ಟ ರಾಜನಿಗೆ ನಮಸ್ಕಾರ ಹೇಳೋಕೆ ಮುಸ್ಲಿಮರು ಬಂದಿದ್ದರಿಂದ ಶುರುವಾಗಿ ನೂರು ವರ್ಷ ದಾಟಿದೆ. ಈಗ ಕ್ರೈಸ್ತರೂ ಬರುತ್ತಾರೆ, ಎಲ್ಲರೂ ಬರುತ್ತಾರೆ. ಒಂದೇ ವಯಸ್ಸಿನವರ ಗುಂಪಿಗೆ ರೆಗ್ಬೆರೆಗ್ಬೆ ಅನ್ನುತ್ತಾರೆ. ಒಂದೊಂದು ಗುಂಪು ಒಂದೊಂದು ಬಟ್ಟೆ ತೊಟ್ಟು ಆ ಅಂಗಳದಲ್ಲಿ ಹಾದು ಹೋಗುತ್ತೆ. ಆಮೇಲೆ ಹಳೇ ದಂಡನಾಯಕರ ಮನೆತನದವರು ಸಿಂಗರಿಸಿದ ಕುದುರೆ ಏರಿ ಬರುತ್ತಾರೆ. ಅರವತ್ತು ದಾಟಿದ ಅಜ್ಜಿಯರ ಗುಂಪು ಬಂದಾಗ ನೋಡು, ಅವರ ನಡಿಗೆ ನೋಡೋಕೇ ಅಲ್ಲಿಗೆ ಹೋಗಬೇಕು. ಅಲ್ಲಿಯ ರಾಜನಿಗೆ ಅವುಜಾಲೆ ಅನ್ನುತ್ತಾರೆ; 1960ರಿಂದ ಅವುಜಾಲೆ ಆಗಿದ್ದ ಸಿಕಿರು ಕಯೋಡೆ ಅಡೆಟೋನಾ 2025ರ ಜುಲೈನಲ್ಲಿ ತೀರಿಕೊಂಡರು.

ಊಟ. ಸಸ್ಯಾಹಾರಿ ಅಂದಿದ್ದೀಯ, ಮನೆಯಲ್ಲೇ ಸ್ವಲ್ಪ ತಿಂದು ಹೊರಡು. ಜೊಲೊಫ್ ಅನ್ನ ಕೆಂಪಗೆ ನಮ್ಮ ಟೊಮೆಟೊ ಬಾತ್ ಥರ ಕಾಣುತ್ತೆ, ಆದರೆ ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ. ಮಾಂಸ ಬೇಡ ಅಂದರೆ ಮೀನು ಇಡುತ್ತಾರೆ. ಡೋಡೊ ಅಂತ ಕರಿದ ಬಾಳೆಹಣ್ಣು ಸಿಗುತ್ತೆ, ಪಫ್ ಪಫ್ ಸಿಗುತ್ತೆ, ಅದು ಸಿಹಿ ಬೋಂಡಾ ಅಂದುಕೋ.

ಹೋಗುವಾಗ ಮನೆಯ ಹಿರಿಯರ ಮುಂದೆ ಮಂಡಿ ಸ್ವಲ್ಪ ಬಗ್ಗಿಸಿ "ಎ ಕು ಇನಾವೊ" ಅನ್ನು. ಖರ್ಚು ಮಾಡಿ ನಾಲ್ಕು ಜನಕ್ಕೆ ಉಣ್ಣಿಸುತ್ತಿರುವವರಿಗೆ ಹೇಳೋ ಮಾತು ಅದು. ಒಂದು ಸಲ ಹೇಳಿ ನೋಡು, ಅವರ ಮುಖ ಹೇಗೆ ಅರಳುತ್ತೆ ಅಂತ.

ಬಟ್ಟೆಯನ್ನು ಇವತ್ತೇ ಟೈಲರ್ ಹತ್ತಿರ ಕೊಡು. ಶನಿವಾರ ಹತ್ತಿರ ಬಂದ ಹಾಗೆ ಅವರಿಗೆ ಪುರುಸೊತ್ತಿರೋದಿಲ್ಲ. ಗೆಲೆ ಕಟ್ಟೋಕೆ ಪಕ್ಕದ ಮನೆಯಾಕೆಯನ್ನೇ ಕೇಳು.