ಬಾಂಬ್ ಬಿದ್ದು ಹಾಳಾದ ಹಳೆ ಕಟ್ಟಡದ ಫೋಟೋ ತೆಗೆದು ಏನು ಪ್ರಯೋಜನ?

ಸುಮ್ನೆ ನೆನಪಿಗಲ್ಲ, ದುರಸ್ತಿಗೂ ಬೇಕಾಗುತ್ತದೆ. 1940ರಲ್ಲಿ ಜರ್ಮನ್ ವಿಮಾನಗಳು ಲಂಡನ್, ಕೊವೆಂಟ್ರಿ ಮೇಲೆ ಬಾಂಬ್ ಸುರಿದಾಗ ಬ್ರಿಟನ್ನಿನ ಎಷ್ಟೋ ಹಳೆ ಕಟ್ಟಡಗಳಿಗೆ ಸರಿಯಾದ ನಕ್ಷೆಯಾಗಲಿ ಫೋಟೋ ಆಗಲಿ ಇರಲಿಲ್ಲ. ಅದಕ್ಕೇ 1941ರಲ್ಲಿ ನ್ಯಾಷನಲ್ ಬಿಲ್ಡಿಂಗ್ಸ್ ರೆಕಾರ್ಡ್ ಎಂಬ ಸಂಸ್ಥೆ ಕೆಲಸ ಶುರುಮಾಡಿತು. ಹಾಳಾದವು ಮಾತ್ರವಲ್ಲ, ಬಾಂಬ್ ಬೀಳಬಹುದಾದ ಕಟ್ಟಡಗಳನ್ನೂ ಮೊದಲೇ ಚಿತ್ರ ತೆಗೆದಿಟ್ಟರು. ಜಾಣತನ ಇರುವುದು ಅಲ್ಲೇ, ಅಲ್ವಾ? ಉಪನಿರ್ದೇಶಕ ಜಾನ್ ಸಮರ್ಸನ್ ತಾವೇ ಕ್ಯಾಮೆರಾ ಹಿಡಿದು ಹೊರಡುತ್ತಿದ್ದರು. ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಚಿತ್ರಗಳನ್ನು ತೆಗೆದವರು ಹೆಲ್ಮುಟ್ ಗರ್ನ್‌ಶೈಮ್. ತಮಾಷೆ ಅಂದರೆ, ಇವರು ಹುಟ್ಟಿದ್ದು ಜರ್ಮನಿಯಲ್ಲೇ! ಅರ್ಧ ನಿಂತ ಗೋಡೆಗಳು ಯಾವಾಗ ಬೀಳುತ್ತವೋ ಗೊತ್ತಿಲ್ಲ, ಹಾಗಾಗಿ ಬೇಗ ಹೋಗಲೇಬೇಕಿತ್ತು. ಆ ಸಂಗ್ರಹ ಈಗ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಬಳಿ ಸ್ವಿಂಡನ್‌ನಲ್ಲಿದೆ.