ಅರ್ಧ ರೊಟ್ಟಿ, ಇಡೀ ರೊಟ್ಟಿ

ಜಮಖಂಡಿಯ ಓದುಗರೊಬ್ಬರು ಬರೆದಿದ್ದಾರೆ: "ಸಮಸಂಖ್ಯೆಗಳು ಎಷ್ಟಿವೆಯೋ ಎಲ್ಲ ಸಂಖ್ಯೆಗಳೂ ಅಷ್ಟೇ ಇವೆ ಅಂತ ಪಿಯುಸಿ ಓದುವ ಮಗಳು ಹೇಳಿದಳು. ಅರ್ಧ ರೊಟ್ಟಿ ಇಡೀ ರೊಟ್ಟಿಗೆ ಸಮ ಅಂದ ಹಾಗಾಯ್ತಲ್ಲ! ಅನಂತ ಅನ್ನೋದೇ ತನಗೆ ತಾನು ಅಡ್ಡ ಬರುವ ಮಾತು. ಇದನ್ನೆಲ್ಲ ಮಕ್ಕಳ ತಲೆಗೆ ಯಾಕೆ ತುಂಬಬೇಕು?"

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ರೊಟ್ಟಿಯ ಹೋಲಿಕೆ ತುಂಬಾ ಹಿಡಿಸಿತು. ಅನುಮಾನವೂ ಸಣ್ಣದಲ್ಲ. 1638ರಲ್ಲಿ ಗೆಲಿಲಿಯೋ ಕೂಡ ಇಲ್ಲೇ ಎಡವಿದ. 1, 4, 9, 16 ಅಂತ ವರ್ಗಸಂಖ್ಯೆಗಳು ಮುಂದೆ ಹೋದಷ್ಟೂ ವಿರಳ, ಆದರೆ ಪ್ರತಿ ಸಂಖ್ಯೆಗೂ ಒಂದು ವರ್ಗ ಇದ್ದೇ ಇದೆ. ಹಾಗಾದರೆ ಅನಂತದ ವಿಷಯದಲ್ಲಿ ಹೆಚ್ಚು, ಕಡಿಮೆ, ಸಮ ಅನ್ನುವ ಮಾತೇ ಬೇಡ ಅಂತ ಆತ ಬಿಟ್ಟುಬಿಟ್ಟ.

ನೀವು ಬಿಡಬೇಡಿ. ಜಾತ್ರೆಯ ಪ್ರಸಾದದ ಪಂಕ್ತಿ ನೆನಪಿಸಿಕೊಳ್ಳಿ. ಯಾರೂ ತಲೆ ಎಣಿಸುವುದಿಲ್ಲ. ಪ್ರತಿ ಎಲೆಯ ಮುಂದೆ ಒಬ್ಬರು ಕೂತಿದ್ದಾರೆ, ಒಂದು ಎಲೆಯೂ ಖಾಲಿ ಇಲ್ಲ, ಯಾರೂ ನಿಂತಿಲ್ಲ ಅಂದರೆ ಎಲೆ, ಜನ ಎರಡೂ ಸಮ. 1ಕ್ಕೆ 2, 2ಕ್ಕೆ 4, 3ಕ್ಕೆ 6 ಅಂತ ಕೂರಿಸುತ್ತಾ ಹೋಗಿ, ಒಂದೂ ಉಳಿಯುವುದಿಲ್ಲ. ನಿಮ್ಮ ಮಗಳು ಹೇಳಿದ್ದು ಇಷ್ಟೇ. ಭಾಗ ಯಾವಾಗಲೂ ಪೂರ್ತಿಗಿಂತ ಚಿಕ್ಕದು ಅನ್ನುವುದನ್ನು ನಾವು ಕಲಿತದ್ದು ಮುಗಿಯುವ ವಸ್ತುಗಳಿಂದ, ರೊಟ್ಟಿಯಿಂದ, ಹೊಲದಿಂದ, ಸಂಬಳದಿಂದ. ಮುಗಿಯದ್ದರ ಮೇಲೆ ಅದನ್ನೇ ಹೇರಿ, ಆಮೇಲೆ ಅದು ಸುಳ್ಳು ಅಂದರೆ ಹೇಗೆ? 1888ರಲ್ಲಿ ಜರ್ಮನಿಯ ಗಣಿತಜ್ಞ ಡೆಡೆಕಿಂಡ್ ಇದನ್ನೇ ಅನಂತದ ಗುರುತು ಮಾಡಿದರು: ತನ್ನದೇ ಒಂದು ಭಾಗದ ಜೊತೆ ಹೀಗೆ ಜೋಡಿ ಕೂರುವಂಥದ್ದೇ ಅನಂತ. ನೀವು ದೋಷ ಅಂದದ್ದನ್ನೇ ಅವರು ಲಕ್ಷಣ ಅಂದರು.

ನಿಮ್ಮ ಪಕ್ಷದಲ್ಲೂ ಒಂದು ಸತ್ಯ ಇದೆ. ಯಾವ ಗುಂಪನ್ನು ಬೇಕಾದರೂ ಕಲ್ಪಿಸಬಹುದು ಅಂತ ಹೊರಟಾಗ ನಿಜವಾಗಿಯೂ ತನಗೆ ತಾನು ಅಡ್ಡ ಬರುವ ಮಾತು ಎದುರಾಯಿತು, 1901ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ರಸೆಲ್ ಅದನ್ನು ಕಂಡುಕೊಂಡರು. ಆದರೆ ತಪ್ಪು ಇದ್ದದ್ದು ಆ ಸ್ವಾತಂತ್ರ್ಯದಲ್ಲಿ. 1908ರಲ್ಲಿ ಗಣಿತಜ್ಞ ಜರ್ಮೆಲೋ ಎಂಥ ಗುಂಪು ಕಟ್ಟಬಹುದು ಅನ್ನುವುದಕ್ಕೆ ನಿಯಮ ಹಾಕಿದರು, ಅನಂತ ಅದರೊಳಗೇ ಉಳಿದುಕೊಂಡಿತು.

ಇನ್ನು ಜರ್ಮನಿಯ ಗಣಿತಜ್ಞ ಕ್ಯಾಂಟರ್. ಮುಗಿಯದೆ ಸಾಗುವ ದಶಮಾಂಶ ಸಂಖ್ಯೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿದ್ದೇನೆ ಅಂತ ಯಾರಾದರೂ ಬಂದರೆ, ಮೊದಲ ಸಂಖ್ಯೆಯ ಮೊದಲ ಅಂಕಿ ಬದಲಿಸಿ, ಎರಡನೆಯದರ ಎರಡನೆಯ ಅಂಕಿ ಬದಲಿಸಿ, ಹೀಗೇ ಹೋಗಿ ಅಂದರು 1891ರಲ್ಲಿ. ಹಾಗೆ ಹುಟ್ಟಿದ ಸಂಖ್ಯೆ ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಅಂದರೆ ಅವನ್ನೆಲ್ಲ 1, 2, 3ರ ಪಂಕ್ತಿಯಲ್ಲಿ ಕೂರಿಸಲು ಆಗುವುದೇ ಇಲ್ಲ, ಅನಂತದಲ್ಲೂ ದೊಡ್ಡದು, ಚಿಕ್ಕದು ಇದೆ! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಏನು ಅಂತ ಕೇಳಿದ್ದೆ. "ಅನಂತ, ಬರ್ಕೋ" ಅಂದರು ಮೇಷ್ಟ್ರು. ಎರಡನ್ನು ಭಾಗಿಸಿದರೂ ಅನಂತವೇ ಬಂದರೆ ಒಂದು, ಎರಡು ಒಂದೇ ಆಗಲ್ವಾ ಅಂದೆ. ಹೊರಗೆ ನಿಲ್ಲಿಸಿದರು. ಇಂದಿನ ಗಣಿತ ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

ನನ್ನ ಸಂಕಟ ಇನ್ನೊಂದು. ಸುಮಾರು 1150ರಲ್ಲೇ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಖಹರ ಅಂತ ಕರೆದು, ಅದಕ್ಕೆ ಎಷ್ಟು ಕೂಡಿಸಿದರೂ ಕಳೆದರೂ ಬದಲಾಗದು ಅಂದರು. ಪ್ರಳಯದಲ್ಲಿ ಜೀವಗಳೆಲ್ಲ ಸೇರಿದರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ಬದಲಾವಣೆ ಇಲ್ಲದ ಹಾಗೆ ಅಂತ ಹೋಲಿಕೆ ಕೊಟ್ಟರು. ಭಾಗಾಕಾರವನ್ನು ಈಗ ಒಪ್ಪದಿದ್ದರೂ ಆ ಗುಣವನ್ನು ಅವರು ಗೆಲಿಲಿಯೋಗಿಂತ ಸುಮಾರು 500 ವರ್ಷ ಮೊದಲೇ ಗುರುತಿಸಿದ್ದರು. ನಾವೇನು ಮಾಡುತ್ತಿದ್ದೇವೆ? ಅವರು ತಮ್ಮ ಊರು ಅಂತ ಹೇಳಿದ ವಿಜ್ಜಡವಿಡ ನಮ್ಮ ವಿಜಯಪುರವೋ ಮಹಾರಾಷ್ಟ್ರದ ಪಾಟಣದ ಕಡೆಯದೋ ಅಂತ ಜಗಳ ಆಡುತ್ತಿದ್ದೇವೆ. ಆ ಪಾಟಣದ ಶಾಸನದಲ್ಲಿ ಏನಿದೆ ಗೊತ್ತಾ? ಅವರ ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲಿಕ್ಕೆ ಒಂದು ಮಠವನ್ನೇ ಕಟ್ಟಿಸಿದ. ಊರು ನಮ್ಮದೇ ಅಂತ ಇಟ್ಟುಕೊಳ್ಳೋಣ, ಇಲ್ಲಿ ಅವರ ಒಂದು ಪುಟ ಓದಿದ ಹುಡುಗರು ಎಷ್ಟು ಜನ?

ಹಾಗಾಗಿ ಯಾಕೆ ಕಲಿಸಬೇಕು ಅಂತ ಕೇಳಬೇಡಿ ಸರ್. ಇವತ್ತು ರಾತ್ರಿ ಊಟ ಆದಮೇಲೆ ಮಗಳ ಜೊತೆ ಕೂತು, ಭಿನ್ನರಾಶಿಗಳನ್ನೂ 1, 2, 3ರ ಪಂಕ್ತಿಯಲ್ಲಿ ಒಂದೂ ಬಿಡದೆ ಕೂರಿಸಬಹುದಾ ನೋಡಿ. ಆಗುತ್ತದೆ. ಹೇಗೆ ಕೂರಿಸಿದಿರಿ ಅಂತ ಅವಳ ಕೈಯಿಂದಲೇ ಬರೆಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.