ಉ: ಕ್ಲಾನ್‌ನಲ್ಲಿದ್ದ ಹ್ಯೂಗೋ ಬ್ಲ್ಯಾಕ್ ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದು ಹೇಗೆ?

ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನ ಸದಸ್ಯರಾಗಿದ್ದವರನ್ನು ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ, ಸುಪ್ರೀಂ ಕೋರ್ಟ್ ಜಡ್ಜ್ ನೇಮಕಕ್ಕೆ ಇದರ ಒಪ್ಪಿಗೆ ಬೇಕು) ಹೇಗೆ ಒಪ್ಪಿತು, ಆಮೇಲಾದರೂ ಅವರು ಬದಲಾದರಾ ಅಂತ ಕೇಳಿದ್ದೀರಿ. ಒಪ್ಪುವಾಗ ಬರೀ ಗುಸುಗುಸು ಇತ್ತು, ಪುರಾವೆ ಇರಲಿಲ್ಲ.

ಬ್ಲ್ಯಾಕ್ ಅಲಬಾಮಾದವರು. ಬರ್ಮಿಂಗ್‌ಹ್ಯಾಮ್‌ನಲ್ಲಿ ವಕೀಲಿಕೆ, ಸ್ವಲ್ಪ ಕಾಲ ಪೊಲೀಸ್ ಕೋರ್ಟ್ ಜಡ್ಜ್, ಆಮೇಲೆ ಸರ್ಕಾರಿ ವಕೀಲರು. 1923ರಲ್ಲಿ ಕ್ಲಾನ್ ಸೇರಿ 1925ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಸೆನೆಟ್‌ಗೆ ಗೆದ್ದರು, ಅದೂ ಕ್ಲಾನ್ ಬೆಂಬಲದಿಂದಲೇ! 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇವರನ್ನು ಕೋರ್ಟಿಗೆ ಸೂಚಿಸಿದರು. ತಮ್ಮದೇ ಮನೆಯವರು ಅಲ್ವಾ, ಸೆನೆಟರ್‌ಗಳು 63–16ರಲ್ಲಿ ಪಾಸ್ ಮಾಡಿಬಿಟ್ಟರು. ಪತ್ರಿಕೆಯೊಂದು ಹಳೇ ಸದಸ್ಯತ್ವ ಬಯಲು ಮಾಡಿದ್ದು ಅದರ ನಂತರ. ಬ್ಲ್ಯಾಕ್ ರೇಡಿಯೋದಲ್ಲಿ ಸೇರಿದ್ದೂ ನಿಜ, ಬಿಟ್ಟಿದ್ದೂ ನಿಜ ಅಂದರು. ಕ್ಷಮೆ ಮಾತ್ರ ಕೇಳಲಿಲ್ಲ.

ಬದಲಾದರಾ ಅಂದರೆ, ಗಿಡಿಯನ್ ಕೇಸ್ ನೋಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲದ ಗಿಡಿಯನ್ ಫ್ಲಾರಿಡಾ ಜೈಲಿನಿಂದ, ಜೈಲಿನದೇ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಅರ್ಜಿ ಬರೆದ. ಬಡ ಆರೋಪಿಗೂ ವಕೀಲರನ್ನು ಕೊಡಬೇಕು ಅಂತ ಬ್ಲ್ಯಾಕ್ 1942ರಲ್ಲೇ ಇನ್ನೊಂದು ಕೇಸಿನಲ್ಲಿ ಹೇಳಿ ಸೋತಿದ್ದರು. 1963ರಲ್ಲಿ ಎಲ್ಲ ಒಂಬತ್ತು ಜಡ್ಜ್‌ಗಳೂ ಒಪ್ಪಿದರು, ತೀರ್ಪು ಬರೆದಿದ್ದು ಬ್ಲ್ಯಾಕ್ ಅವರೇ. ಶಾಲೆಗಳಲ್ಲಿ ವರ್ಣಭೇದ ರದ್ದು ಮಾಡಿದ 1954ರ ತೀರ್ಪಿಗೂ ಸಹಿ ಹಾಕಿದ್ದರು.

ಹಾಗಂತ ಪೂರ್ತಿ ಕ್ಲೀನ್ ಚಿಟ್ ಕೊಡೋಕೆ ನಾನು ತಯಾರಿಲ್ಲ. ಯುದ್ಧಕಾಲದಲ್ಲಿ ಜಪಾನಿ ಮೂಲದವರನ್ನು ಊರು ಬಿಡಿಸಿದ್ದು ಸರಿ ಅಂದ 1944ರ ಕೊರೆಮಾಟ್ಸು ತೀರ್ಪೂ ಇವರದೇ ಕೈಬರಹ. ಅದನ್ನೂ ಓದಿ.